ಆಕಳಗವಿಯ ಮಳೆ ಬಖೈರು

ದಾಂಡೇಲಿಯ ಮಗ್ಗುಲಲ್ಲಿ ಮೌಳಂಗಿಯನ್ನು ಹಾದು ಹರಿಯುವ ಕಾಳಿ ನದಿ ಹುಟ್ಟುವುದು ಜೋಯಿಡಾ ತಾಲೂಕಿನ ಡಿಗ್ಗಿಯ ಕಾಡಿನಲ್ಲಿ. ಅದೇ ತಾಲೂಕಿನ ಉಳವಿ ಶರಣರ ಪುಣ್ಯಭೂಮಿ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣ ಕದಡಿದ ಮೇಲೆ ಚನ್ನಬಸವಣ್ಣನವರು ಶರಣರೊಡನೆ ಇಲ್ಲಿಗೆ ಬಂದು ಐಕ್ಯರಾದರೆಂದು ಪರಂಪರೆ ಹೇಳುತ್ತದೆ. ಇಂದಿಗೂ ಜಾತ್ರೆಗೆ ಬಯಲುಸೀಮೆಯ ಚಕ್ಕಡಿಗಳು ಸಾಲುಗಟ್ಟಿ ಬರುತ್ತವೆ. ಆ ಸೀಮೆಯ ಗವಿಗಳಲ್ಲೊಂದು ಆಕಳಗವಿ.

ಕ್ರಿ.ಶ. 1666ರ ಸುಮಾರು. ಬಿಜಾಪುರದ ಆದಿಲ್‌ಶಾಹಿ ಕೊನೆಗಾಲಕ್ಕೆ ಸರಿಯುತ್ತಿತ್ತು; ಸೋದೆಯಲ್ಲಿ ನಾಯಕರು ಆಳುತ್ತಿದ್ದರು; ಶಿವಾಜಿಯ ಪಟ್ಟಾಭಿಷೇಕಕ್ಕೆ ಇನ್ನೂ ಎಂಟು ವರ್ಷವಿತ್ತು. ಆ ಕಾಲದಲ್ಲಿ ಆಕಳಗವಿಯ ನೆಲದಲ್ಲಿ ಸುಣ್ಣದ ಕಂಬವೊಂದು ಮೊಳೆಯಿತು. ಕಾಡಿನ ಮಣ್ಣಿನೊಳಗೆ ಇಳಿದ ಮಳೆನೀರು ಅಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ತುಸು ಹುಳಿಯಾಗುತ್ತದೆ, ಸುಣ್ಣಕಲ್ಲನ್ನು ಕರಗಿಸುತ್ತದೆ. ಗವಿಯ ಸೂರಿನಿಂದ ತೊಟ್ಟಿಕ್ಕುವಾಗ ಆ ಅನಿಲ ಹೊರಟುಹೋಗಿ ಸುಣ್ಣ ನೆಲದಲ್ಲಿ ಉಳಿಯುತ್ತದೆ. ಹೀಗೆ ವರ್ಷಕ್ಕೊಂದು ಪದರ ಕೂಡುತ್ತ ಬಂತು.

ಮೇಲೆ ರಾಜ್ಯಗಳು ಮಗುಚಿದವು. 1686ರಲ್ಲಿ ಬಿಜಾಪುರ ಔರಂಗಜೇಬನ ವಶವಾಯಿತು. 1763ರ ಹೊತ್ತಿಗೆ ಹೈದರಾಲಿಯ ದಂಡು ಬರಲು ಸೋದೆಯ ಅರಸ ಗೋವೆಗೆ ಓಡಿದ. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. 1862ರಲ್ಲಿ ಉತ್ತರ ಕನ್ನಡ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. 1876-78ರಲ್ಲಿ ಧಾತು-ಈಶ್ವರ ಸಂವತ್ಸರಗಳ ಘೋರ ಬರ ಬಯಲುಸೀಮೆಯನ್ನು ನುಂಗಿತು. ದಫ್ತರಗಳು ಕಂದಾಯವನ್ನು ಬರೆದವು, ಯುದ್ಧವನ್ನು ಬರೆದವು. ಬಿದ್ದ ಮಳೆಯ ಲೆಕ್ಕವನ್ನು ವರ್ಷ ತಪ್ಪದೆ ಇಟ್ಟದ್ದು ಗವಿಯ ಕಲ್ಲು. ಭಾರತೀಯ ಹವಾಮಾನ ಇಲಾಖೆ ಹುಟ್ಟಿದ್ದೇ 1875ರಲ್ಲಿ. ಅಷ್ಟರಲ್ಲಿ ಕಲ್ಲಿನ ಬಖೈರಿಗೆ, ಎಂದರೆ ಆ ಚರಿತ್ರೆಯ ದಾಖಲೆಗೆ, ಇನ್ನೂರು ವರ್ಷ ತುಂಬಿತ್ತು.

ಅದನ್ನು ಓದಿದವರು ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ಎಂ.ಜಿ. ಯಾದವ ಮತ್ತು ಆರ್. ರಮೇಶ್, ಅವರೊಡನೆ ಪುಣೆಯ ಜಿ.ಬಿ. ಪಂತ್. 2004ರಲ್ಲಿ ‘ದ ಹೋಲೊಸೀನ್’ ಪತ್ರಿಕೆಯಲ್ಲಿ ಪ್ರಕಟವಾದ ಅವರ ಲೇಖನದಂತೆ ಗವಿಯಿಂದ ತೆಗೆದಾಗ ಕಂಬದ ವಯಸ್ಸು 331 ವರ್ಷ. ವಯಸ್ಸಿಗೆ ಪದರಗಳು ಆಧಾರ, ಮಳೆಗೆ ಆಮ್ಲಜನಕದ ಸಾಕ್ಷಿ. ಆಮ್ಲಜನಕದಲ್ಲಿ 16ರ ತೂಕದ್ದೂ 18ರ ತೂಕದ್ದೂ ಇವೆ. ಮುಂಗಾರು ಜೋರಾಗಿ ಸುರಿದ ವರ್ಷದ ನೀರಿನಲ್ಲಿ ಭಾರದ್ದು ಕಡಿಮೆ, ಮಳೆ ಕುಂದಿದ ವರ್ಷ ಹೆಚ್ಚು. ಪದರ ಪದರದಿಂದ ಪುಡಿ ತೆಗೆದು ಅಳೆದರೆ ಮಳೆಯ ಏರಿಳಿತ ತಿಳಿಯುತ್ತದೆ.

ಪದರ ಎಣಿಸಲಾಗದಷ್ಟು ಹಳೆಯ ಕಲ್ಲುಗಳಿಗೆ ಯುರೇನಿಯಂ-ಥೋರಿಯಂ ಲೆಕ್ಕವಿದೆ. ಯುರೇನಿಯಂ ನೀರಿನಲ್ಲಿ ಕರಗಿ ಬರುತ್ತದೆ, ಥೋರಿಯಂ ಬಾರದು; ಕಲ್ಲಿನೊಳಗೆ ಮುಂದೆ ಹುಟ್ಟಿದ ಥೋರಿಯಂ ವಯಸ್ಸನ್ನು ಹೇಳುತ್ತದೆ. ಮೇಘಾಲಯದ ಮಾವ್ಮ್ಲು ಗವಿಯ ಇಂಥ ಕಲ್ಲೊಂದು 4,200 ವರ್ಷಗಳ ಹಿಂದಿನ ಮಹಾ ಬರಗಾಲವನ್ನು ಸಾರಿತು. 2018ರಲ್ಲಿ ಭೂವಿಜ್ಞಾನಿಗಳು ಈಗಿನ ಯುಗಕ್ಕೆ ‘ಮೇಘಾಲಯನ್’ ಎಂದೇ ಹೆಸರಿಟ್ಟರು.

ಉಳವಿಗೂ ಇದೇ ಸೀಮೆಯ ಕವಳಾ ಗವಿಗೂ ಹೋಗುವ ಯಾತ್ರಿಕರು ಇಷ್ಟನ್ನು ನೆನಪಿಡಬೇಕು: ಮುರಿದ ಕಂಬ ನಮ್ಮ ಕಾಲದಲ್ಲಿ ಮತ್ತೆ ಬೆಳೆಯದು. ಕೈಮುಗಿದು ಬನ್ನಿ, ಕಲ್ಲನ್ನು ಮುಟ್ಟದೆ ಬನ್ನಿ.