ಧಾರವಾಡದ ಗೋಡೆಯಿಂದ ಕೈಯಲ್ಲಿರುವ ಫೋನಿನವರೆಗೆ

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಯಾರಾದರೂ ಸ್ವಲ್ಪ ಬೇರೆ ಥರ ಮಾತಾಡಿದರೆ ಕಟ್ಟೆ ಮೇಲೆ ಕುಂತವರು ನಗುತ್ತಾ ಅನ್ನುವುದು: "ಇವನ್ನ ಧಾರವಾಡಕ್ಕ ಕಳಸಬೇಕ್ರಿ." ಫೇಡೆ ತರಲಿಕ್ಕಲ್ಲ ಎಂಬುದು ಎಲ್ಲರಿಗೂ ಗೊತ್ತು. ನಮ್ಮ ಭಾಗದಲ್ಲಿ ಮನಸ್ಸಿನ ಚಿಕಿತ್ಸೆಯ ಇತಿಹಾಸ ಶುರುವಾಗುವುದೇ ಈ ಮಾತಿನ ಹಿಂದಿರುವ ಕಟ್ಟಡದಿಂದ.

ಧಾರವಾಡದ ಆ ದವಾಖಾನೆ ಆರಂಭವಾದದ್ದು 1845ರಲ್ಲಿ, ಬ್ರಿಟಿಷರ ಕಾಲದಲ್ಲಿ. ಆಗ ಧಾರವಾಡ, ಬೆಳಗಾವಿ ಎರಡೂ ಮುಂಬೈ ಪ್ರಾಂತದಲ್ಲಿದ್ದವು. ಅಂದಿನ ಅಂಥ ಸಂಸ್ಥೆಗಳ ಮೊದಲ ಕೆಲಸ ಗುಣಪಡಿಸುವುದಕ್ಕಿಂತ ಹೆಚ್ಚಾಗಿ ಊರಿನಿಂದ ದೂರ ಇಡುವುದು. 1858ರ ಕಾಯ್ದೆ, ಆಮೇಲೆ 1912ರ ಕಾಯ್ದೆ ಕೂಡ ಯಾರನ್ನು ಒಳಗೆ ಹಾಕಬೇಕು, ಯಾರ ಆದೇಶದಿಂದ ಹೊರಗೆ ಬಿಡಬೇಕು ಎಂಬುದರ ಬಗ್ಗೆಯೇ ಹೆಚ್ಚು ಮಾತಾಡಿದವು. ಅದಕ್ಕೇ ಜನರ ಮನಸ್ಸಿನಲ್ಲಿ 'ಧಾರವಾಡ' ಅಂದರೆ ಗೋಡೆ, ಬೀಗ, ಮರ್ಯಾದೆ ಹೋಗುವ ಜಾಗ ಎಂದು ಕೂತುಬಿಟ್ಟಿತು. ಇವತ್ತು ಅದೇ ದವಾಖಾನೆ ಡಿಮ್ಹಾನ್ಸ್ ಹೆಸರಿನಲ್ಲಿ ವೈದ್ಯರಿಗೆ, ಮನಃಶಾಸ್ತ್ರಜ್ಞರಿಗೆ ತರಬೇತಿ ಕೊಡುವ ಸಂಸ್ಥೆಯಾಗಿದೆ. ಆದರೆ ಕಟ್ಟೆಯ ಮಾತು ಬದಲಾಗಿಲ್ಲ.

ಹಾಗಾದರೆ ಊರಿನ ಜನ ಏನು ಮಾಡುತ್ತಿದ್ದರು? ದೇವರಿಗೆ ಹೋಗುತ್ತಿದ್ದರು, ತಾಯತ ಕಟ್ಟಿಸುತ್ತಿದ್ದರು, ಪಂಡಿತರನ್ನು ಕೇಳುತ್ತಿದ್ದರು. ಇದನ್ನು ಹಳ್ಳಿಯಲ್ಲೇ ಕೂತು ನೋಡಿದವರು ಆರ್.ಎಲ್. ಕಪೂರ್ ಮತ್ತು ಜಿ.ಎಂ. ಕಾರ್ಸ್ಟೇರ್ಸ್ ಎಂಬ ಮನೋವೈದ್ಯರು. ಕರಾವಳಿಯ ಕೋಟ ಎಂಬ ಊರಿನಲ್ಲಿ ಜನರ ಮನಸ್ಸಿನ ತೊಂದರೆಗಳನ್ನೂ, ಅವರು ಯಾರ ಬಳಿ ಹೋಗುತ್ತಾರೆ ಎಂಬುದನ್ನೂ ಅಧ್ಯಯನ ಮಾಡಿ 1976ರಲ್ಲಿ ಪುಸ್ತಕ ತಂದರು. ಖಿನ್ನತೆ, ಆತಂಕ ಪಟ್ಟಣದ ರೋಗ, ಹಳ್ಳಿಯವರು ಆರಾಮ ಇರುತ್ತಾರೆ ಎಂಬ ನಂಬಿಕೆಯನ್ನು ಇಂಥ ಅಧ್ಯಯನಗಳು ಅಲ್ಲಾಡಿಸಿದವು.

ಅದೇ ಹೊತ್ತಿಗೆ, 1974ರ ಕೊನೆಯಲ್ಲಿ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಹುಟ್ಟಿತು. ಮರುವರ್ಷ ಅಲ್ಲಿ ಸಮುದಾಯ ಮನೋವೈದ್ಯ ವಿಭಾಗ ಶುರುವಾಯಿತು. ಬನ್ನೇರುಘಟ್ಟದ ಕಡೆಯ ಸಕಲವಾರದಲ್ಲಿ ಹಳ್ಳಿ ಕೇಂದ್ರವನ್ನೂ ತೆರೆದರು. ಅಲ್ಲಿ ಕೇಳಿಕೊಂಡ ಪ್ರಶ್ನೆ ಸರಳವಾಗಿತ್ತು: ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರ್ ಮತ್ತು ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತೆ, ಜ್ವರ-ಕೆಮ್ಮಿನ ಜತೆಗೆ ಮನಸ್ಸಿನ ಕಾಯಿಲೆಯನ್ನೂ ನೋಡಬಹುದೇ?

ಬಳ್ಳಾರಿ ಕೊಟ್ಟ ಉತ್ತರ

1982ರಲ್ಲಿ ದೇಶಕ್ಕೆ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಕಾಗದದಲ್ಲಿ ಚೆನ್ನಾಗಿತ್ತು, ಜಿಲ್ಲೆಯಲ್ಲಿ ನಡೆಸುವುದು ಹೇಗೆ ಎಂಬುದು ಸ್ಪಷ್ಟವಿರಲಿಲ್ಲ. ಅದನ್ನು ತೋರಿಸಿದ್ದು ನಮ್ಮದೇ ಬಳ್ಳಾರಿ. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಸೇರಿ 1985ರಿಂದ 1990ರವರೆಗೆ, ಆಗ ಸುಮಾರು 15 ಲಕ್ಷ ಜನರಿದ್ದ ಇಡೀ ಜಿಲ್ಲೆಯಲ್ಲಿ ಪ್ರಯೋಗ ನಡೆಸಿದವು.

ಮಾಡಿದ್ದೇನು? ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರರಿಗೆ ಸಣ್ಣ ಅವಧಿಯ ತರಬೇತಿ ಕೊಟ್ಟರು. ಲಕ್ಷಣ ಗುರುತಿಸುವುದನ್ನು ಆರೋಗ್ಯ ಕಾರ್ಯಕರ್ತರಿಗೆ ಕಲಿಸಿದರು. ಮುಖ್ಯವಾದ ಕೆಲವೇ ಔಷಧಗಳನ್ನು ಕೇಂದ್ರದಲ್ಲೇ ಸಿಗುವಂತೆ ಮಾಡಿದರು. ಬಂದವರ ಹೆಸರು ಬರೆದಿಟ್ಟು, ಬರದಿದ್ದವರನ್ನು ಹುಡುಕುವ ವ್ಯವಸ್ಥೆ ಮಾಡಿದರು. ಕಷ್ಟದ ಪ್ರಕರಣಗಳಿಗೆ ಜಿಲ್ಲಾ ಮಟ್ಟದಲ್ಲಿ ತಜ್ಞರಿದ್ದರು. ಹೊಸ ಕಟ್ಟಡವನ್ನೇನೂ ಕಟ್ಟಲಿಲ್ಲ, ಇದ್ದ ದವಾಖಾನೆಯ ದಿನದ ಕೆಲಸಕ್ಕೇ ಇದನ್ನು ಸೇರಿಸಿದರು. 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭಿಸಿದಾಗ ಮುಂದಿಟ್ಟುಕೊಂಡದ್ದು ಈ ಬಳ್ಳಾರಿ ಮಾದರಿಯನ್ನೇ.

2014ರಲ್ಲಿ ಕರ್ನಾಟಕ 'ಮನೋಚೈತನ್ಯ' ಶುರು ಮಾಡಿತು. ಮಂಗಳವಾರದ ದಿನ ಮನೋವೈದ್ಯರು ತಾಲ್ಲೂಕು ದವಾಖಾನೆಗೇ ಬಂದು ನೋಡುವ ಯೋಜನೆ ಅದು. ಧಾರವಾಡದ ಗೋಡೆ ದಾಟಿದ ಚಿಕಿತ್ಸೆ ತಾಲ್ಲೂಕಿಗೆ ಬರಲು ಹೆಚ್ಚುಕಡಿಮೆ 170 ವರ್ಷ ಹಿಡಿಯಿತು.

ಗುಳಿಗೆ ಬಂತು, ಮಾತು ಬರಲಿಲ್ಲ

ಆದರೂ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆ ಹೇಳಿದ್ದು ಕಹಿ ಸತ್ಯ. ಖಿನ್ನತೆ ಇರುವ ನೂರು ಜನರಲ್ಲಿ ಸುಮಾರು 85 ಜನರಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ.

ಸಿಕ್ಕವರಿಗೂ ಹೆಚ್ಚಾಗಿ ಸಿಗುವುದು ಗುಳಿಗೆ ಚೀಟಿ. ಗುಳಿಗೆ ಬೇಡ ಎಂದಲ್ಲ, ಎಷ್ಟೋ ಜನರ ಜೀವ ಅದು ಉಳಿಸಿದೆ. ಆದರೆ ಕೂತು ಮಾತಾಡಿ ಮಾಡುವ ಚಿಕಿತ್ಸೆ ಈ ದಾರಿಯಲ್ಲಿ ಹಿಂದೆಯೇ ಉಳಿಯಿತು. ಅದರಲ್ಲಿ ಹೆಚ್ಚು ಪರೀಕ್ಷೆಗೆ ಒಳಗಾದದ್ದು ಸಿಬಿಟಿ. ಅಮೆರಿಕದ ವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ಇದನ್ನು ರೂಪಿಸಿದರು.

ಒಂದು ಉದಾಹರಣೆ ನೋಡಿ. ಕಬ್ಬಿನ ಬಿಲ್ಲು ಬಂದಿಲ್ಲ, ಸೊಸೈಟಿ ಸಾಲ ಬಾಕಿ ಇದೆ. ಬೆಳಗ್ಗೆ ಎದುರಿಗೆ ಸಿಕ್ಕ ಗೆಳೆಯ ಮಾತಾಡಿಸದೆ ಹೋದ. "ನನ್ನ ಸಾಲದ ಸುದ್ದಿ ಊರಿಗೆಲ್ಲ ಗೊತ್ತಾಗಿದೆ, ನನಗೆ ಮರ್ಯಾದೆ ಉಳಿದಿಲ್ಲ" ಎಂಬ ವಿಚಾರ ಬರುತ್ತದೆ. ಎದೆ ಭಾರ ಆಗುತ್ತದೆ. ಕಟ್ಟೆಗೆ ಹೋಗುವುದು, ಹೊಲಕ್ಕೆ ಹೋಗುವುದು ಬಿಡುತ್ತೀರಿ. ಮನೆಯಲ್ಲಿ ಕೂತಷ್ಟೂ ಆ ವಿಚಾರ ಬಲಿಯುತ್ತದೆ. ಸಿಬಿಟಿ ಈ ಸರಪಳಿಯನ್ನು ಬಿಡಿಸುತ್ತದೆ. ಆ ವಿಚಾರಕ್ಕೆ ಸಾಕ್ಷಿ ಏನಿದೆ, ಗೆಳೆಯನಿಗೇ ಬೇರೆ ಚಿಂತೆ ಇರಬಹುದೇ ಎಂದು ಬರೆದು ನೋಡಲು ಕಲಿಸುತ್ತದೆ. ನಾಳೆ ಹತ್ತು ನಿಮಿಷ ಹೊಲಕ್ಕೆ ಹೋಗಿ ಬನ್ನಿ ಎಂಬಂಥ ಸಣ್ಣ ಕೆಲಸ ಕೊಡುತ್ತದೆ. ಸಾಲವನ್ನು ಅದು ತೀರಿಸುವುದಿಲ್ಲ. ಸಾಲ ತೀರಿಸುವ ದಾರಿ ಹುಡುಕಲು ಬೇಕಾದ ಮನಸ್ಸನ್ನು ಎದ್ದು ನಿಲ್ಲಿಸುತ್ತದೆ.

ಇದನ್ನು ಮಾಡಲು ವಾರ ವಾರ ಗಂಟೆಗಟ್ಟಲೆ ಕೂರುವ ಮನಃಶಾಸ್ತ್ರಜ್ಞರು ಬೇಕು. ತಾಲ್ಲೂಕಿನಲ್ಲಿ ಅಷ್ಟು ಜನ ಎಲ್ಲಿದ್ದಾರೆ? ನಮ್ಮ ಪಕ್ಕದ ಗೋವಾ ಒಂದು ದಾರಿ ತೋರಿಸಿತು. ಅಲ್ಲಿಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸಂಗಾತ್ ಎಂಬ ಸಂಸ್ಥೆ ಡಾಕ್ಟರಲ್ಲದ ಸ್ಥಳೀಯರಿಗೆ ತರಬೇತಿ ಕೊಟ್ಟು, ಸಿಬಿಟಿಯದೇ ಒಂದು ಭಾಗವಾದ 'ಚಟುವಟಿಕೆಗೆ ಮರಳಿಸುವ' ಚಿಕಿತ್ಸೆಯನ್ನು ಆರರಿಂದ ಎಂಟು ಭೇಟಿಗಳಲ್ಲಿ ಕೊಡಿಸಿತು. ತೀವ್ರ ಖಿನ್ನತೆಯವರಿಗೂ ಗುಣ ಕಂಡಿತು. ಆ ಫಲಿತಾಂಶ 2017ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಬಂತು.

ಇನ್ನೊಂದು ದಾರಿ ಇಂಟರ್‌ನೆಟ್. ಆಸ್ಟ್ರೇಲಿಯಾ, ಸ್ವೀಡನ್, ಬ್ರಿಟನ್‌ಗಳಲ್ಲಿ ಸುಮಾರು 2000ದಿಂದಲೇ ಸಿಬಿಟಿ ಪಾಠಗಳನ್ನು ಕಂಪ್ಯೂಟರಿಗೆ ಹಾಕಿದರು. ಆದರೆ 2015ರಲ್ಲಿ ಬ್ರಿಟನ್ನಿನ ದೊಡ್ಡ ಅಧ್ಯಯನವೊಂದು ಎಚ್ಚರಿಸಿತು. ಊರಿನ ಡಾಕ್ಟರರ ಬಳಿ ಬಂದ 691 ಜನರನ್ನು ಸೇರಿಸಿಕೊಂಡು ನೋಡಿದಾಗ, ಮಾಮೂಲಿ ಚಿಕಿತ್ಸೆಯ ಜತೆ ಕಂಪ್ಯೂಟರ್ ಪಾಠ ಕೊಟ್ಟರೂ ಹೆಚ್ಚಿನ ಲಾಭ ಕಾಣಲಿಲ್ಲ. ಬಹಳ ಮಂದಿ ಅರ್ಧಕ್ಕೇ ಬಿಟ್ಟಿದ್ದರು. ಮುಂದಿನ ಅಧ್ಯಯನದಲ್ಲಿ ಒಬ್ಬರು ಫೋನ್ ಮಾಡಿ "ಎಲ್ಲಿಗೆ ಬಂತು, ಏನು ಕಷ್ಟ ಆಯಿತು" ಎಂದು ವಿಚಾರಿಸುವ ವ್ಯವಸ್ಥೆ ಮಾಡಿದಾಗ ಫಲಿತಾಂಶ ಸುಧಾರಿಸಿತು.

ಬಳ್ಳಾರಿಯಲ್ಲಿ ಬರದಿದ್ದ ರೋಗಿಯನ್ನು ಹುಡುಕಿಕೊಂಡು ಹೋದದ್ದೂ ಇದೇ ಕಾರಣಕ್ಕೆ. ಔಷಧವಿರಲಿ, ಆ್ಯಪ್ ಇರಲಿ, ಕೇಳುವವರೊಬ್ಬರು ಬೇಕು.

ನಮ್ಮ ಮೂರು ತಾಲ್ಲೂಕಿಗೆ

ನಿಮ್ಹಾನ್ಸ್ ಮನಃಶಾಸ್ತ್ರಜ್ಞರು ಖಿನ್ನತೆಗೆ 'ಪುಶ್-ಡಿ' ಎಂಬ ಸ್ವಸಹಾಯ ಆ್ಯಪ್ ರೂಪಿಸಿದ್ದಾರೆ. ಮೊದಲು ಬಂದದ್ದು ಇಂಗ್ಲಿಷಿನಲ್ಲಿ. 2022ರ ಅಕ್ಟೋಬರ್ 10ರಂದು 'ಟೆಲಿ ಮಾನಸ್' ಸಹಾಯವಾಣಿ ಶುರುವಾಯಿತು. 2024ರಲ್ಲಿ ಅದರ ವಿಡಿಯೋ ಸೌಲಭ್ಯ ಮೊದಲು ಬಂದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ದಾರಿ ಸಿದ್ಧವಾಗುತ್ತಿದೆ.

ಆದರೆ ಫೋನಿನ ಚಿಕಿತ್ಸೆ ನಮ್ಮಲ್ಲಿ ಬೇರು ಬಿಡಬೇಕಾದರೆ ಮೂರು ಮಾತು ನೆನಪಿರಬೇಕು. ಪಾಠ ನಮ್ಮ ಕನ್ನಡದಲ್ಲಿರಬೇಕು. ಓದಲು ಬಾರದವರಿಗೆ ಕೇಳುವಂತಿರಬೇಕು. ಮನೆಗೆಲ್ಲ ಒಂದೇ ಫೋನ್ ಇದ್ದು ಅದು ಗಂಡನ ಅಥವಾ ಮಗನ ಜೇಬಿನಲ್ಲಿದ್ದರೆ ಸೊಸೆ ತನ್ನ ದುಃಖ ಎಲ್ಲಿ ಬರೆಯಬೇಕು? ಅದಕ್ಕೆ ಆರೋಗ್ಯ ಕೇಂದ್ರದಲ್ಲೇ ಒಂದು ಖೋಲಿ, ಒಂದು ಫೋನ್ ಬೇಕು. ಕೊನೆಯದಾಗಿ, ವಾರಕ್ಕೊಮ್ಮೆ ವಿಚಾರಿಸುವ ಕೆಲಸ ಯಾರದು ಎಂಬುದು ಬರೆದಿಟ್ಟಿರಬೇಕು. ಈಗಾಗಲೇ ಕೆಲಸ ಮೈತುಂಬ ಇರುವ ಆಶಾ ಅಕ್ಕನ ತಲೆ ಮೇಲೆ ಪುಕ್ಕಟೆ ಹಾಕುವುದಾದರೆ ಅದು ನಿಲ್ಲುವುದಿಲ್ಲ.

ಅಲ್ಲಿಯವರೆಗೆ ಕಾಯಬೇಡಿ. ರಾತ್ರಿ ನಿದ್ದೆ ಹತ್ತದೆ ಜೀವ ಬೇಡ ಅನಿಸಿದರೆ, ಅಥವಾ ಮನೆಯಲ್ಲಿ ಯಾರಿಗಾದರೂ ಹಾಗೆ ಅನಿಸಿದೆ ಎಂದು ಅನುಮಾನ ಬಂದರೆ, 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲಿ ಮಾತಾಡುತ್ತಾರೆ. ತಕ್ಷಣದ ಅಪಾಯವಿದ್ದರೆ ಅವರನ್ನು ಒಬ್ಬರನ್ನೇ ಬಿಡದೆ ಹತ್ತಿರದ ದವಾಖಾನೆಗೆ ಕರೆದೊಯ್ಯಿರಿ. 2017ರ ಕಾಯ್ದೆಯ ಪ್ರಕಾರ ಮಾನಸಿಕ ಆರೋಗ್ಯ ಸೇವೆ ನಿಮ್ಮ ಹಕ್ಕು.

ಮತ್ತೆ ಕಟ್ಟೆ ಮೇಲೆ ಯಾರಾದರೂ "ಧಾರವಾಡಕ್ಕ ಕಳಸಬೇಕ್ರಿ" ಅಂದರೆ, ನಗುವ ಮುಂಚೆ ಆ ಮನುಷ್ಯನ ಪಕ್ಕ ಹೋಗಿ ಕೂತು, "ಏನಾಗೇತಪಾ?" ಎಂದು ಒಮ್ಮೆ ಕೇಳಿ.