ಬದುವಿನ ಕತ್ತಾಳೆ ಹೂ ಬಿಟ್ಟಿದೆ: ಕೀಳಿಸೋದಾ, ಬಿಡೋದಾ?

ನಮ್ಮ ಮೇಲಿನ ಹೊಲದ ಬದುವಿನಲ್ಲಿ ಈ ಸಲ ನಾಲ್ಕು ಕತ್ತಾಳೆ ಒಟ್ಟಿಗೆ ಹೂವಿನ ಕಂಬ ಎತ್ತಿವೆ. ಎರಡಾಳೆತ್ತರ ದಾಟಿವೆ. ಪಕ್ಕದ ಹೊಲದ ಅಣ್ಣ, "ಹೂ ಬಿಟ್ಟ ಮೇಲೆ ಹೆಂಗೂ ಸಾಯ್ತಾವೆ. ಜೆಸಿಬಿ ಬಂದೈತೆ, ಪೂರ್ತಿ ಬೇಲಿ ಕಿತ್ತಾಕಿ ತಂತಿ ಎಳೆಸೋಣ" ಅಂದ್ರು. ಹೂಂ ಅನ್ನೋ ಮುಂಚೆ ಈ ಗಿಡದ ಚರಿತ್ರೆ ಸ್ವಲ್ಪ ನೋಡಿದೆ.

ಕತ್ತಾಳೆ ನಮ್ಮ ನೆಲದ್ದಲ್ಲ, ಮೆಕ್ಸಿಕೋ ಕಡೆಯದು. ಕೊಲಂಬಸ್ ನಂತರದ ಹಡಗುಗಳ ಕಾಲದಲ್ಲಿ ದೇಶ ದೇಶ ಸುತ್ತಿತು. ಲೋಳೆಸರದಂತೆ ದಪ್ಪ ಎಲೆ ಕಂಡು ಯುರೋಪಿನವರು 'ಅಮೆರಿಕದ ಆಲೋ' ಅಂದರು. 1753ರಲ್ಲಿ ಲಿನೇಯಸ್ ಇದನ್ನು ಬೇರೆ ಮಾಡಿ 'ಅಗೇವ್' ಎಂದು ಹೆಸರಿಟ್ಟ. ಅಲ್ಲಿನ ಚಳಿಗೆ ಹೂ ಬರೋದು ಅಪರೂಪ, ಅದಕ್ಕೇ ನೂರು ವರ್ಷಕ್ಕೊಮ್ಮೆ ಅನ್ನೋ ಮಾತು ಹುಟ್ಟಿತು. ನಿಜವಾಗಿ 10ರಿಂದ 30 ವರ್ಷ ಸಾಕು. ಲೋಳೆಸರ ಹೂ ಬಿಟ್ಟೂ ಬದುಕುತ್ತೆ. ಕತ್ತಾಳೆ ಕೂಡಿಟ್ಟಿದ್ದನ್ನೆಲ್ಲ ಒಂದೇ ಹೂವಿಗೆ ಸುರಿದು ಒಣಗುತ್ತೆ.

ಇದರ ತಂಗಿ ಸೀಸಲ್, ಅಂಚು ನುಣುಪು, ತುದಿಗೆ ಮಾತ್ರ ಮುಳ್ಳು. 1893ರಲ್ಲಿ ರಿಚರ್ಡ್ ಹಿಂಡಾರ್ಫ್ ಫ್ಲೋರಿಡಾದಿಂದ 1000 ಮರಿ ತರಿಸಿದ. ಪೂರ್ವ ಆಫ್ರಿಕಾದ ಟಾಂಗಾ ಮುಟ್ಟುವಾಗ ಬದುಕಿದ್ದು 62. ಅದರಿಂದಲೇ ಇಂದಿನ ಟಾಂಜಾನಿಯಾದ ದೊಡ್ಡ ನಾರಿನ ತೋಟಗಳು ಬೆಳೆದವು. ಪ್ಲಾಸ್ಟಿಕ್ ಹಗ್ಗ ಬಂದ ಮೇಲೆ ಕುಸಿದವು.

ನಮ್ಮನೆಯಲ್ಲೂ ಅದೇ ಕಥೆ. ಅಜ್ಜ ಎಲೆ ಕೊಳೆ ಹಾಕಿ, ಬಡಿದು, ನಾರು ತೆಗೆದು ದನದ ಹಗ್ಗ ಹೊಸೀತಿದ್ರು. ಕೈಯೆಲ್ಲ ನವೆ. ನೈಲಾನ್ ಬಂತು, ಹೊಸೆಯೋದು ನಿಂತಿತು. ಬೇಲಿ ಮಾತ್ರ ಉಳೀತು.

ಈ ಗಿಡಗಳು ಅಜ್ಜ ನೆಟ್ಟವೇ ಅಂದ್ಕೊಂಡಿದ್ದೆ. ವರ್ಷ ಲೆಕ್ಕ ಹಾಕಿದ್ರೆ, ಅವರು ನೆಟ್ಟಿದ್ದು ಯಾವತ್ತೋ ಹೂ ಬಿಟ್ಟು ಹೋಗಿರಬೇಕು. ಇವು ಅದರ ಮರಿಗಳು, ಮರಿಯ ಮರಿಗಳು. ಅಂದ್ರೆ ಗಿಡ ಸತ್ತರೂ ಬೇಲಿ ಸಾಯಲ್ಲ.

ಅಣ್ಣನ ಮಾತಲ್ಲೂ ನ್ಯಾಯ ಇದೆ. ಮರಿ ಹಬ್ಬಿ ಅವರ ಒಂದು ಸಾಲು ಜಾಗ ತಿಂದಿದೆ. ಅವರ ಕಡೆಯದನ್ನು ನಾನೇ ಕಿತ್ತು, ಬದುವಿನ ಸಂದುಗಳಿಗೆ ನೆಡ್ತೀನಿ ಅಂದೆ. ಒಪ್ಪಿದರು. ಜೆಸಿಬಿ ವಾಪಸ್ ಹೋಯ್ತು.

ನೆಡೋರಿಗೆ ಒಂದು ಮಾತು: ಮೊಣಕಾಲೆತ್ತರದ ಮರಿಯನ್ನು ಬೇರು ಸಮೇತ ತೆಗೀರಿ. ಕೆಲವು ದಿನ ನೆರಳಲ್ಲಿಟ್ಟು ಗಾಯ ಒಣಗಿಸಿ, ನೀರು ನಿಲ್ಲದ ಕಡೆ ಮುಂಗಾರಿಗೆ ಇಡಿ. ರಸ ತಾಗಿದ್ರೆ ತುರಿಕೆ, ತುಂಬುತೋಳಿನ ಅಂಗಿ ಹಾಕ್ಕೊಳ್ಳಿ. ಒಣಗಿದ ಕಂಬ ಗಾಳಿಗೆ ಬೀಳೋ ಮುಂಚೆ ಕಡೀರಿ.

ನಿಮ್ಮ ಬದುವಿನ ಕತ್ತಾಳೆ ಯಾರು ನೆಟ್ಟಿದ್ದು? ಮನೆ ಹಿರಿಯರನ್ನ ಒಂದ್ಸಲ ಕೇಳಿ ನೋಡಿ.