ಟಿಸಿ ಎಣ್ಣೆಯೊಳಗೆ ಕಟ್ಟುವ ಸೇತುವೆ

ಟಿಸಿ ಸುಟ್ಟರೆ ಏನಾಗುತ್ತದೆ ಎಂದು ಯಲಬುರ್ಗಾ, ಕುಷ್ಟಗಿ ಸೀಮೆಯ ಬೋರ್‌ವೆಲ್ ರೈತರಿಗೆ ನಾವು ಹೇಳಬೇಕಿಲ್ಲ. ನೀರು ನಿಂತ ಒಂದೊಂದು ದಿನವೂ ಬೆಳೆಗೆ ಏಟು. ಗಂಗಾವತಿಯ ಅಕ್ಕಿ ಗಿರಣಿಗಳೂ ಕೊಪ್ಪಳದ ಅಂಗಡಿಗಳೂ ಕರೆಂಟನ್ನೇ ನಂಬಿವೆ.

ಟಿಸಿ ಡಬ್ಬಿಯೊಳಗೆ ತಂತಿ ಸುರುಳಿಗಳನ್ನು ಮುಳುಗಿಸಿ ಎಣ್ಣೆ ತುಂಬಿರುತ್ತಾರೆ. ಅದಕ್ಕೆ ಎರಡು ಕೆಲಸ. ಸುರುಳಿಯ ಬಿಸಿಯನ್ನು ಹೊರಗೆ ಒಯ್ಯಬೇಕು, ಕರೆಂಟು ಅಡ್ಡದಾರಿ ಹಿಡಿಯದಂತೆ ತಡೆಯಬೇಕು.

ಇಂಥ ದ್ರವದ ಮೇಲೆ ವಿದ್ಯುತ್ತಿನ ಸೆಳೆತ ಬಿದ್ದರೆ ಅದು ಗಟ್ಟಿಯಾಗುತ್ತದೆಯೋ, ತೆಳ್ಳಗಾಗುತ್ತದೆಯೋ? ಈ ಪ್ರಶ್ನೆ ನೂರು ವರ್ಷಕ್ಕೂ ಹಳೆಯದು. 1896ರಲ್ಲಿ ಡಫ್, 1897ರಲ್ಲಿ ಜರ್ಮನಿಯ ಕ್ವಿಂಕೆ ಇದನ್ನು ಅಳೆಯಲು ಕೂತರು. ಆದರೆ ಒಬ್ಬರ ಲೆಕ್ಕ ಇನ್ನೊಬ್ಬರಿಗೆ ತಾಳೆಯಾಗದೆ ವಾದ ಬಹಳ ಕಾಲ ಎಳೆಯಿತು.

1946ರಲ್ಲಿ ಇಂಗ್ಲೆಂಡಿನ ಆಂಡ್ರೇಡ್ ಮತ್ತು ಡಾಡ್ ತಮ್ಮ ಪ್ರಯೋಗಗಳ ವಿವರ ಪ್ರಕಟಿಸಿದರು. ಕರೆಂಟನ್ನು ಬಿಟ್ಟುಕೊಡದ ಶುದ್ಧ ದ್ರವಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಸ್ವಲ್ಪ ಕರೆಂಟು ಬಿಟ್ಟುಕೊಡುವ ಕೆಲವು ದ್ರವಗಳು ಮಾತ್ರ ತುಸು ಮಂದವಾದವು. ಅಂದರೆ ಆಟವಾಡಿಸುತ್ತಿದ್ದದ್ದು ದ್ರವದೊಳಗೆ ವಿದ್ಯುತ್ತನ್ನು ಹೊತ್ತು ಓಡಾಡುವ ಕಣಗಳು.

ಅದೇ ಕಾಲಕ್ಕೆ ಅಮೆರಿಕದ ವಿಲ್ಲಿಸ್ ವಿನ್‌ಸ್ಲೋ ಬೇರೆ ದಾರಿ ಹಿಡಿದಿದ್ದರು. ಎಣ್ಣೆಯಲ್ಲಿ ಪಿಷ್ಟ, ಸುಣ್ಣದಕಲ್ಲಿನ ಪುಡಿಯಂಥವನ್ನು ಕಲಸಿ, ಎರಡು ತಗಡುಗಳ ನಡುವೆ ಇಟ್ಟು, ಹೆಚ್ಚು ವೋಲ್ಟೇಜ್ ಕೊಟ್ಟರು. ಪ್ರತಿ ಕಾಳಿಗೂ ಒಂದು ತುದಿ ಪ್ಲಸ್, ಒಂದು ತುದಿ ಮೈನಸ್ ಆಯಿತು. ಕಾಳುಗಳು ಒಂದನ್ನೊಂದು ಹಿಡಿದು ಸರಪಳಿಯಾಗಿ ನಿಂತವು. ಕ್ಷಣದಲ್ಲಿ ಎಣ್ಣೆ ಗಟ್ಟಿಯಾಯಿತು. ಕರೆಂಟು ತೆಗೆದರೆ ಮತ್ತೆ ಹರಿಯಿತು. 1947ರಲ್ಲಿ ಅವರಿಗೆ ಪೇಟೆಂಟ್ ಸಿಕ್ಕಿತು. 1949ರಲ್ಲಿ ಲೇಖನ ಬಂತು. ಗಾಡಿಗಳ ಕ್ಲಚ್, ಶಾಕ್ ಅಬ್ಸಾರ್ಬರ್‌ಗಳಿಗೆ ಇದನ್ನು ಬಳಸುವ ಪ್ರಯತ್ನಗಳು ಆಮೇಲೆ ನಡೆದವು.

ವಿನ್‌ಸ್ಲೋಗೆ ಬೇಕಾಗಿದ್ದ ಆ ಸರಪಳಿಯೇ ನಮ್ಮ ಟಿಸಿಗೆ ಶತ್ರು. ಹಳೇ ಎಣ್ಣೆಗೆ ಧೂಳು, ಸುರುಳಿಗೆ ಸುತ್ತಿದ ಕಾಗದದ ಎಳೆ, ನೀರಿನ ಪಸೆ ಸೇರಿಕೊಳ್ಳುತ್ತವೆ. ವಿದ್ಯುತ್ತಿನ ಸೆಳೆತಕ್ಕೆ ಅವೂ ಸಾಲುಗಟ್ಟಿ ಸೇತುವೆ ಕಟ್ಟುತ್ತವೆ. ಆ ಸೇತುವೆಯ ಮೇಲೆ ಕರೆಂಟು ಹಾಯ್ದರೆ ಒಳಗೆ ಕಿಡಿ ಹಾರುತ್ತದೆ. ಟಿಸಿ ಸುಡಲು ಓವರ್‌ಲೋಡ್, ಸಿಡಿಲು ಮುಂತಾದ ಬೇರೆ ಕಾರಣಗಳೂ ಇವೆ, ನಿಜ. ಆದರೆ ಕೊಳೆಯಾದ ಎಣ್ಣೆ ಇದ್ದರೆ ಅವೆಲ್ಲದರ ಏಟು ಇನ್ನೂ ಜೋರು.

ಅದಕ್ಕೇ ಎಣ್ಣೆಯನ್ನು ಪರೀಕ್ಷಿಸುವ ಪದ್ಧತಿ ಇದೆ. 2.5 ಮಿಲಿಮೀಟರ್ ಸಂದಿಯಲ್ಲಿ ಎಣ್ಣೆ ಇಟ್ಟು, ಕಿಡಿ ಹಾರುವವರೆಗೆ ವೋಲ್ಟೇಜ್ ಏರಿಸುತ್ತಾರೆ. ಬೇಗ ಹಾರಿದರೆ ಎಣ್ಣೆ ಕೆಟ್ಟಿದೆ ಎಂದರ್ಥ.

ಕೆಲವು ಟಿಸಿಗಳಲ್ಲಿ ಗಾಳಿಯ ಪಸೆ ಹೀರುವ ಬ್ರೀದರ್ ಇರುತ್ತದೆ. ಅದರ ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ, ಅಥವಾ ಎಣ್ಣೆ ಸೋರುತ್ತಿದ್ದರೆ ದೂರದಿಂದಲೇ ನೋಡಿ. ಕೈ ಹಚ್ಚಬೇಡಿ. ಜೆಸ್ಕಾಂ ಶಾಖಾ ಕಚೇರಿಗೆ ಬರವಣಿಗೆಯಲ್ಲಿ ದೂರು ಕೊಡಿ, ಎಣ್ಣೆ ಪರೀಕ್ಷೆ ಮಾಡಿಸಿ ಎಂದು ಕೇಳಿ. ಸುಟ್ಟ ಮೇಲೆ ಓಡಾಡುವುದಕ್ಕಿಂತ ಸುಡುವ ಮುಂಚೆ ಕೇಳುವುದು ಅಗ್ಗ.